ಮುಚ್ಚಿದ ಲ್ಯಾನ್ಸ್‌ಡೌನ್, ಕಾಯುತ್ತಿರುವ ದೇವರಾಜ ಮಾರುಕಟ್ಟೆ: ಕೆಡವುವುದಾ, ಉಳಿಸುವುದಾ?

ಮೈಸೂರಿನ ಸುದ್ದಿ ಓದುವವರಿಗೆ ಇದು ಮಾಮೂಲಾಗಿದೆ. ಒಂದು ವಾರ ದೇವರಾಜ ಮಾರುಕಟ್ಟೆಯನ್ನೂ ಲ್ಯಾನ್ಸ್‌ಡೌನ್ ಕಟ್ಟಡವನ್ನೂ ಕೆಡವುತ್ತಾರೆ ಅಂತ ಓದುತ್ತೇವೆ. ಇನ್ನೊಂದು ವಾರ ಕೆಡವಬಾರದು, ದುರಸ್ತಿ ಮಾಡಿ ಅಂತ ಯಾರಾದರೂ ಹೇಳಿಕೆ ಕೊಟ್ಟಿರುತ್ತಾರೆ. ಮಧ್ಯದಲ್ಲಿ "ಈಗಿರುವ ಮಾದರಿಯಲ್ಲೇ ಹೊಸದಾಗಿ ಕಟ್ಟುತ್ತೇವೆ" ಅನ್ನುವ ಮೂರನೇ ಮಾತು ಬರುತ್ತದೆ. ಕೆಡವಿ ಕಟ್ಟಲು 2023ರಲ್ಲೇ ಹೈಕೋರ್ಟ್ ದಾರಿ ಬಿಟ್ಟುಕೊಟ್ಟಿತ್ತು. ಆದರೂ ವಾದ ನಿಂತಿಲ್ಲ. ಇಷ್ಟೆಲ್ಲ ಓದಿದವರಿಗೆ ತಲೆ ಕೆಡುವುದು ಸಹಜ. ಕಟ್ಟಡ ಗಟ್ಟಿ ಇದೆಯಾ, ಇಲ್ವಾ? ಪಾರಂಪರಿಕ ಕಟ್ಟಡ ಅಂದಮೇಲೆ ಕೆಡವಲು ಹೇಗೆ ಸಾಧ್ಯ? ದುರಸ್ತಿ ಆಗುತ್ತದೆ ಅಂತಾದರೆ ಇಷ್ಟು ವರ್ಷ ಯಾಕೆ ಆಗಲಿಲ್ಲ?

ಒಂದೊಂದಾಗಿ ನೋಡೋಣ. ಎರಡು ಕಟ್ಟಡಗಳ ಹೆಸರು ಯಾವಾಗಲೂ ಜೊತೆಗೇ ಬರುತ್ತದೆ, ಆದರೆ ಇವತ್ತಿನ ಸ್ಥಿತಿ ಬೇರೆ ಬೇರೆ. ಒಂದು ಮುಚ್ಚಿ ವರ್ಷಗಳಾಗಿವೆ. ಇನ್ನೊಂದರಲ್ಲಿ ವ್ಯಾಪಾರ ನಡೆಯುತ್ತಿದೆ. ಈ ವ್ಯತ್ಯಾಸವೇ ಮುಖ್ಯ ಅಂತ ನನ್ನ ಅಭಿಪ್ರಾಯ. ಮುಚ್ಚಿದ ಕಟ್ಟಡಕ್ಕೆ ಏನಾಯಿತು ಅಂತ ನೋಡಿದರೆ ತೆರೆದಿರುವುದಕ್ಕೆ ಏನು ಆಗಬಾರದು ಅಂತ ಗೊತ್ತಾಗುತ್ತದೆ.

ಯಾವ ಕಟ್ಟಡಗಳು ಇವು

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ವೈಸರಾಯ್‌ಗಳು ಮೈಸೂರಿಗೆ ಬಂದಾಗ ಅದರ ನೆನಪಿಗೆ ಏನಾದರೂ ಕಟ್ಟಿಸುವ ಪದ್ಧತಿ ಇತ್ತು. ಚಿಕ್ಕ ಗಡಿಯಾರ ಅಂತ ಕರೆಯುವ ಗಡಿಯಾರ ಗೋಪುರ ಹಾಗೆ ಬಂದದ್ದು, 1886ರಲ್ಲಿ, ಲಾರ್ಡ್ ಡಫರಿನ್ ಭೇಟಿಯ ನೆನಪಿಗೆ. ಅದರ ಸಮೀಪದಲ್ಲೇ ಕಮಾನುಗಳ ಸಾಲಿರುವ ಲ್ಯಾನ್ಸ್‌ಡೌನ್ ಕಟ್ಟಡ ಬಂದದ್ದು 1892ರಲ್ಲಿ, ಲಾರ್ಡ್ ಲ್ಯಾನ್ಸ್‌ಡೌನ್ ಬಂದುಹೋದ ನೆನಪಿಗೆ. ಮೊದಲಿನಿಂದಲೂ ಅದು ಅಂಗಡಿಗಳ ಕಟ್ಟಡ. ಪುಸ್ತಕದಂಗಡಿಗಳಿಗೆ, ಅದರಲ್ಲೂ ಹಳೆ ಪುಸ್ತಕಕ್ಕೆ, ಊರಿಗೆಲ್ಲ ಹೆಸರಾಗಿತ್ತು.

ದೇವರಾಜ ಮಾರುಕಟ್ಟೆ ಇರುವ ಜಾಗದಲ್ಲಿ ಮೊದಲು ವಾರದ ಸಂತೆ ನಡೆಯುತ್ತಿತ್ತು. ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಅದಕ್ಕೆ ಕಾಯಂ ಕಟ್ಟಡದ ರೂಪ ಬಂತು. ನಾಲ್ವಡಿಯವರ ಕಾಲದಲ್ಲಿ ಇನ್ನೂ ಬೆಳೆಯಿತು. ಹೆಸರು ಕೇಳಿ ಮುಖ್ಯಮಂತ್ರಿ ದೇವರಾಜ ಅರಸು ನೆನಪಾಗುವುದುಂಟು. ಪಕ್ಕದಲ್ಲೇ ಅವರ ಹೆಸರಿನ ರಸ್ತೆಯೂ ಇದೆಯಲ್ಲ. ಆದರೆ ಮಾರುಕಟ್ಟೆಗೆ ಇರುವುದು ಹದಿನೇಳನೇ ಶತಮಾನದ ದೊಡ್ಡ ದೇವರಾಜ ಒಡೆಯರ್ ಹೆಸರು. ಚಿಕ್ಕ ಗಡಿಯಾರದ ಕಡೆಯಿಂದ ಧನ್ವಂತರಿ ರಸ್ತೆಯವರೆಗೆ, ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೂ ಇದು ಹಬ್ಬಿದೆ. ಮೂರೂವರೆ ಎಕರೆಗೂ ಜಾಸ್ತಿ ಜಾಗ, ಅದರಲ್ಲಿ ನೂರಾರು ಮಳಿಗೆಗಳು. ಎರಡೂ ಕಟ್ಟಡಗಳ ಮಾಲೀಕ ಮೈಸೂರು ಮಹಾನಗರ ಪಾಲಿಕೆ. ಒಳಗಿರುವವರು ಬಾಡಿಗೆದಾರರು. ಮುಂದಿನ ಇಡೀ ಕಥೆಗೆ ಈ ಮಾಲೀಕ–ಬಾಡಿಗೆದಾರ ಸಂಬಂಧವೇ ಕೀಲಿ.

ಊರಿಗೆ ಇಷ್ಟೊಂದು ಮಮತೆ ಯಾಕೆ

ಹಳೆ ಮದ್ರಾಸಿನಲ್ಲಿ ಸ್ಪೆನ್ಸರ್ಸ್ ಇತ್ತು. ಒಂದೇ ಕಟ್ಟಡದಲ್ಲಿ ಬಟ್ಟೆಯಿಂದ ಹಿಡಿದು ಬಿಸ್ಕತ್ತಿನ ತನಕ ಸಿಗುವಂಥ ದೊಡ್ಡ ಅಂಗಡಿ. ಮೈಸೂರಿನವರಿಗೆ ಅಂಥದ್ದು ಬೇಕಾಗಿರಲಿಲ್ಲ, ಈ ಎರಡು ಕಟ್ಟಡಗಳು ಸೇರಿ ಆ ಕೆಲಸ ಮಾಡುತ್ತಿದ್ದವು. ತರಕಾರಿ, ಹಣ್ಣು, ವೀಳ್ಯದೆಲೆ, ಬಾಳೆಲೆ, ಅರಿಶಿನ ಕುಂಕುಮ, ಪೂಜೆ ಸಾಮಾನಿನ ಗ್ರಂಥಿಗೆ ಅಂಗಡಿ, ಊದಿನಕಡ್ಡಿ, ಪಾತ್ರೆ, ಮಾರಿನ ಲೆಕ್ಕದಲ್ಲಿ ಅಳೆದು ಕೊಡುವ ಮಲ್ಲಿಗೆ, ಎಲ್ಲ ಮಾರುಕಟ್ಟೆಯಲ್ಲಿ. ಶಾಲೆ ಶುರುವಾಗುವ ಕಾಲಕ್ಕೆ ಪುಸ್ತಕ ಬೇಕಾದರೆ ಲ್ಯಾನ್ಸ್‌ಡೌನ್. ಒಂದೇ ಓಡಾಟದಲ್ಲಿ ಮನೆಯ ಅಷ್ಟೂ ಕೆಲಸ ಮುಗಿಯುತ್ತಿತ್ತು.

ತಿಂಡಿಯೂ ಆ ಓಡಾಟದ ಭಾಗವೇ. ಚೀಲ ತುಂಬಿದ ಮೇಲೆ ಸಯ್ಯಾಜಿರಾವ್ ರಸ್ತೆಯಲ್ಲೋ ಧನ್ವಂತರಿ ರಸ್ತೆಯಲ್ಲೋ ಒಂದು ಹೋಟೆಲ್ ಹೊಕ್ಕು ಮಸಾಲೆ ದೋಸೆ ತಿಂದು ಕಾಫಿ ಕುಡಿಯುವುದು. ಮಕ್ಕಳನ್ನು ಮಾರ್ಕೆಟ್‌ಗೆ ಹೊರಡಿಸಲು ಆ ದೋಸೆ ಆಸೆ ಸಾಕಾಗುತ್ತಿತ್ತು. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರು ನಡೆಸುವ ಗುರು ಸ್ವೀಟ್ ಮಾರ್ಟ್ ಇರುವುದೂ ಮಾರುಕಟ್ಟೆಯ ಸಯ್ಯಾಜಿರಾವ್ ರಸ್ತೆ ಬದಿಯಲ್ಲೇ. ಮೈಸೂರು ಪಾಕ್ ಹುಟ್ಟಿದ್ದೇ ಆ ಮನೆತನದ ಕೈಯಲ್ಲಿ ಅನ್ನುವುದನ್ನು ಊರಿನಲ್ಲಿ ಎಲ್ಲರೂ ಕೇಳಿದ್ದಾರೆ.

ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಸುತ್ತಲಿನ ತೋಟಗಳ ಇಂಥ ಬೆಳೆಗಳಿಗೆ ಊರ ನಡುವೆ ಒಂದು ಕಾಯಂ ಕಟ್ಟೆ ಇದ್ದದ್ದು ಇಲ್ಲೇ. ಹಾಗಾಗಿ ಜನ ಮಾರುಕಟ್ಟೆ ಉಳಿಸಿ ಅಂದಾಗ ಬರೀ ಕಮಾನು, ಗೋಡೆಗಳ ವಿಚಾರ ಹೇಳುತ್ತಿಲ್ಲ. ಒಳಗೆ ನಡೆಯುವ ಬದುಕಿನ ವಿಚಾರ ಹೇಳುತ್ತಿದ್ದಾರೆ. ಸರ್ಕಾರಿ ಕಡತದಲ್ಲಿ ಮಾತ್ರ ಅದು ಗೋಡೆಯ ಲೆಕ್ಕವಾಗಿಬಿಡುತ್ತದೆ.

2012, 2016: ಎರಡು ಕುಸಿತ

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. ಅಂಗಡಿಗಳನ್ನು ಖಾಲಿ ಮಾಡಿಸಲಾಯಿತು. ಅಲ್ಲಿದ್ದ ವ್ಯಾಪಾರ ಚೆಲ್ಲಾಪಿಲ್ಲಿಯಾಯಿತು. ಅವತ್ತು ಹಾಕಿದ ಬಾಗಿಲನ್ನು ಮತ್ತೆ ಮೊದಲಿನ ಹಾಗೆ ತೆರೆಯಲೇ ಇಲ್ಲ.

ನಾಲ್ಕು ವರ್ಷ ಕಳೆದು, 2016ರ ಆಗಸ್ಟ್ 28ರಂದು, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ದ್ವಾರದ ಭಾಗ ಬಿತ್ತು. ಮಾರುಕಟ್ಟೆಯ ನವೀಕರಣ ಕೆಲಸ ನಡೆಯುತ್ತಿದ್ದಾಗಲೇ ಬಿತ್ತು ಅನ್ನುವುದನ್ನು ಗಮನಿಸಬೇಕು. ಈ ಒಂದು ಸಂಗತಿಯನ್ನು ಎರಡೂ ಕಡೆಯವರು ತಮ್ಮ ವಾದಕ್ಕೆ ಬಳಸುತ್ತಾರೆ. "ದುರಸ್ತಿ ಮಾಡಲು ಹೋದರೂ ನಿಲ್ಲಲಿಲ್ಲ ನೋಡಿ" ಅಂತ ಒಂದು ಕಡೆ. "ಹಳೆ ಕಟ್ಟಡಕ್ಕೆ ಹೇಗೆ ಕೈ ಹಾಕಬೇಕು ಅಂತ ಗೊತ್ತಿಲ್ಲದೆ ಕೈ ಹಾಕಿದರೆ ಹೀಗೇ ಆಗುವುದು" ಅಂತ ಇನ್ನೊಂದು ಕಡೆ.

ಆಮೇಲೆ ಸಮಿತಿಗಳು, ತಜ್ಞರ ವರದಿಗಳು, ಕೋರ್ಟು. ಪರಂಪರೆಯ ರಕ್ಷಣೆಗೆ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆ ದುರಸ್ತಿ ಸಾಧ್ಯ ಅಂದಿತು. ಬೇರೆ ತಜ್ಞರು ಕಟ್ಟಡ ಸುರಕ್ಷಿತವಲ್ಲ ಅಂದರು. ರಾಜಮನೆತನದ ಪ್ರಮೋದಾದೇವಿ ಒಡೆಯರ್ ಕೆಡವುವುದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಕೊನೆಗೆ 2023ರಲ್ಲಿ ಹೈಕೋರ್ಟ್ ಕೆಡವಿ ಕಟ್ಟುವುದಕ್ಕೆ ಇದ್ದ ತಡೆಯನ್ನು ಸರಿಸಿತು.

ಇಲ್ಲೊಂದು ಸೂಕ್ಷ್ಮ ಇದೆ. ಕೆಡವಬಹುದು ಅಂತ ಕೋರ್ಟ್ ಹೇಳಿದರೆ ಕೆಡವಲೇಬೇಕು ಅಂತ ಅರ್ಥ ಅಲ್ಲ. ತೀರ್ಮಾನ ಮಾಡುವ ಅಧಿಕಾರ ಪಾಲಿಕೆ ಮತ್ತು ಸರ್ಕಾರಕ್ಕೆ ಸಿಕ್ಕಿತು, ಅಷ್ಟೇ. ಉಳಿಸಿಕೊಳ್ಳುತ್ತೇವೆ ಅಂತ ಅವರು ನಿರ್ಧರಿಸಿದರೆ ಆ ದಾರಿಯೂ ತೆರೆದೇ ಇದೆ. ಆದೇಶ ಬಂದ ಮೇಲೂ ವಾದ ಮುಂದುವರಿದಿರುವುದು ಇದಕ್ಕೇ.

ಇಂಥ ಗೋಡೆ ಯಾಕೆ ಬೀಳುತ್ತದೆ

ಇದನ್ನು ಅರ್ಥ ಮಾಡಿಕೊಳ್ಳದೆ ಯಾರ ವಾದ ಸರಿ ಅಂತ ತೂಗಲು ಆಗುವುದಿಲ್ಲ, ಸ್ವಲ್ಪ ನಿಧಾನವಾಗಿ ನೋಡೋಣ.

ಆ ಕಾಲದ ಕಟ್ಟಡಗಳಲ್ಲಿ ಈಗಿನ ಹಾಗೆ ಕಾಂಕ್ರೀಟ್ ಕಂಬಗಳ ಚೌಕಟ್ಟು ಇರುವುದಿಲ್ಲ. ದಪ್ಪ ಗೋಡೆಯೇ ಭಾರ ಹೊರುತ್ತದೆ. ಇಟ್ಟಿಗೆ ಅಥವಾ ಕಲ್ಲು, ನಡುವೆ ಸುಣ್ಣದ ಗಾರೆ. ಮಹಡಿಗೆ, ಮಾಳಿಗೆಗೆ ಮದ್ರಾಸ್ ತಾರಸಿ ಹಾಕುವುದು ಆಗಿನ ರೂಢಿ. ಮರದ ತೊಲೆಗಳನ್ನು ಸಾಲಾಗಿ ಇಟ್ಟು, ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕೂಡಿಸಿ, ಅದರ ಮೇಲೆ ಗಾರೆಯ ಹೊದಿಕೆ ಹಾಕುತ್ತಿದ್ದರು. ತೊಲೆಯ ಎರಡೂ ತುದಿ ಗೋಡೆಯೊಳಗೆ ಕೂತಿರುತ್ತದೆ.

ಈ ವ್ಯವಸ್ಥೆ ನೂರಾರು ವರ್ಷ ಬಾಳುತ್ತದೆ. ಒಂದೇ ಷರತ್ತು, ನೀರು ನಿಲ್ಲಬಾರದು. ಮಾಳಿಗೆಯಲ್ಲಿ ಬಿರುಕು ಬಿಟ್ಟರೆ ನೀರು ಇಳಿಯುತ್ತದೆ. ಇಳಿದ ನೀರು ತೊಲೆಯ ತುದಿಯ ಹತ್ತಿರ ಸೇರಿಕೊಳ್ಳುತ್ತದೆ. ಅಲ್ಲಿ ಗಾಳಿ ಆಡುವುದಿಲ್ಲ, ಮರ ಒಣಗುವುದಿಲ್ಲ. ಗೋಡೆಯೊಳಗಿನ ತುದಿ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಕೆಳಗೆ ನಿಂತು ನೋಡಿದವರಿಗೆ ಇಡೀ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ. ಒಂದು ದಿನ ಜೋರು ಮಳೆ ಬಂದು ಮಾಳಿಗೆಯ ಗಾರೆ ನೀರು ಹೀರಿ ಭಾರವಾದಾಗ ಆ ತುದಿ ಕಳಚುತ್ತದೆ. ಒಂದು ತೊಲೆ ಹೋದರೆ ಪಕ್ಕದ್ದಕ್ಕೆ ಭಾರ, ಅದು ಹೋದರೆ ಮತ್ತೆ ಪಕ್ಕದ್ದಕ್ಕೆ. ಕಾಂಕ್ರೀಟ್ ಕಟ್ಟಡ ಸಾಮಾನ್ಯವಾಗಿ ಬಿರುಕು ಬಿಟ್ಟು, ಬಾಗಿ ಮುನ್ಸೂಚನೆ ಕೊಡುತ್ತದೆ. ಇಲ್ಲಿ ಅಷ್ಟು ಸಮಯ ಸಿಗದೆ ಇರಬಹುದು. ಮೈಸೂರಿನ ಇಂಥ ಕುಸಿತಗಳಲ್ಲಿ ಹೆಚ್ಚಿನವು ಮಳೆಗಾಲದಲ್ಲೇ ಆಗುವುದಕ್ಕೆ ಇದೊಂದು ಕಾರಣ. 2022ರ ಅಕ್ಟೋಬರ್‌ನಲ್ಲಿ ಜೋರು ಮಳೆ ಹಿಡಿದಾಗ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆ ಕಟ್ಟಡದ ಭಾಗ ಬಿತ್ತು. ಅರಮನೆಯ ಕೋಟೆ ಗೋಡೆಯ ಒಂದು ಭಾಗವೂ ಅದೇ ತಿಂಗಳು ಕುಸಿಯಿತು.

ಇನ್ನೊಂದು ಕಾರಣ ನಾವೇ ಮಾಡುವ ತಪ್ಪು ದುರಸ್ತಿ. ಸುಣ್ಣದ ಗೋಡೆ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಹೊರಗೆ ಬರುವ ದಾರಿ ಮುಚ್ಚಿಹೋಗುತ್ತದೆ. ತೇವ ಒಳಗೇ ಉಳಿದು ಇಟ್ಟಿಗೆಯನ್ನೂ ಗಾರೆಯನ್ನೂ ಪುಡಿ ಮಾಡುತ್ತದೆ. ಹೊರಗಿನಿಂದ ಗೋಡೆ ಹೊಸದಾಗಿ, ಚೆನ್ನಾಗಿ ಕಾಣುತ್ತದೆ. ಸೋರುತ್ತದೆ ಅಂತ ಕರೆದಾಗ ಬಂದವರು ಒಂದು ಬಾಣಲೆ ಸಿಮೆಂಟ್ ಬಳಿದು ಹೋಗುವುದು ನಮ್ಮಲ್ಲಿ ಎಲ್ಲ ಹಳೆ ಕಟ್ಟಡಗಳ ಕಥೆ, ಅಲ್ವಾ?

ಇದರ ಜೊತೆಗೆ ದಿನನಿತ್ಯದ ಬಳಕೆಯ ಪೆಟ್ಟುಗಳು. ಹಳೆ ಮಾರುಕಟ್ಟೆಗಳಲ್ಲಿ ಶಟರ್ ಕೂರಿಸಲು ಗೋಡೆ ಕತ್ತರಿಸುತ್ತಾರೆ, ಸಾಮಾನು ಇಡಲು ಅಟ್ಟ ಹಾಕುತ್ತಾರೆ, ಮಾಳಿಗೆ ಮೇಲೆ ನೀರಿನ ಟ್ಯಾಂಕ್ ಇಡುತ್ತಾರೆ. ಗೋಡೆ ಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ ಗಿಡ ಮೊಳೆಯುತ್ತದೆ. ಅದು ಬೆರಳುದ್ದ ಇದ್ದಾಗ ಕಿತ್ತರೆ ಎರಡು ನಿಮಿಷದ ಕೆಲಸ. ಐದು ವರ್ಷ ಬಿಟ್ಟರೆ ಬೇರು ಗೋಡೆಯನ್ನು ಸೀಳಿರುತ್ತದೆ, ಆಗ ಗಿಡ ಕೀಳಲು ಹೋದರೆ ಗೋಡೆಯೇ ಬರುತ್ತದೆ.

ಒಟ್ಟಿನಲ್ಲಿ ಇಂಥ ಕಟ್ಟಡಗಳನ್ನು ಕೊಲ್ಲುವುದು ವಯಸ್ಸಲ್ಲ, ನೀರು. ನೀರನ್ನು ಹೊರಗಿಡುವುದು ಪ್ರತಿ ವರ್ಷ ಮಳೆಗೆ ಮುಂಚೆ ಮಾಡಬೇಕಾದ ಸಣ್ಣ ಸಣ್ಣ ಕೆಲಸ. ಆ ಕೆಲಸ ಯಾರದ್ದು? ಮಾಲೀಕ ಪಾಲಿಕೆ, ಬರುವುದು ಹಳೆ ಕಾಲದ ಬಾಡಿಗೆ, ಆ ದುಡ್ಡಿನಲ್ಲಿ ನೂರು ವರ್ಷದ ಕಟ್ಟಡದ ಸುಣ್ಣದ ಕೆಲಸ ಮಾಡಿಸುವುದು ಕಷ್ಟ. ಬಾಡಿಗೆದಾರರಿಗೆ ಕಟ್ಟಡ ಸ್ವಂತದ್ದಲ್ಲ, ತಮ್ಮ ಮಳಿಗೆ ಸೋರದಿದ್ದರೆ ಸಾಕು. ನಡುವಿನ ಮಾಳಿಗೆ, ಚರಂಡಿ, ಹೊರಗೋಡೆ, ಇವು ಯಾರ ಪಾಲಿಗೂ ಬರುವುದಿಲ್ಲ. ಬೀಳುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಕೆಡವಬೇಕು ಅನ್ನುವವರು ಹೇಳುವುದೇನು

ಅವರ ಮೊದಲ ಮಾತು ಪ್ರಾಣದ್ದು. ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನಾಲ್ಕು ಜನ ಸತ್ತಿದ್ದಾರೆ. ದೇವರಾಜ ಮಾರುಕಟ್ಟೆಗೆ ಹಬ್ಬದ ಹಿಂದಿನ ದಿನ ಕಾಲಿಡಲು ಜಾಗ ಇರುವುದಿಲ್ಲ. ಜೊತೆಗೆ ಜಂಬೂಸವಾರಿ ಸಾಗುವುದು ಇದೇ ಸಯ್ಯಾಜಿರಾವ್ ರಸ್ತೆಯಲ್ಲಿ. ಮೆರವಣಿಗೆ ನೋಡಲು ಜನ ಸಿಕ್ಕಿದ ಮಾಳಿಗೆ ಹತ್ತುತ್ತಾರೆ. ಶಿಥಿಲ ಕಟ್ಟಡ ಹತ್ತಬೇಡಿ ಅಂತ ಪ್ರತಿ ದಸರೆಗೂ ಎಚ್ಚರಿಕೆ ಫಲಕ ಹಾಕಬೇಕಾಗುತ್ತದೆ. ಆ ಜನಜಂಗುಳಿಯಲ್ಲಿ ಒಂದು ಕಮಾನು ಬಿದ್ದರೆ ಏನಾಗಬಹುದು ಅನ್ನುವ ಭಯ ಅಧಿಕಾರಿಗಳಿಗೆ ಇರುವುದು ನಿಜ, ನ್ಯಾಯವೂ ಹೌದು.

ಎರಡನೆಯದು ಬೆಂಕಿ ಮತ್ತು ಅನುಕೂಲ. ಇಕ್ಕಟ್ಟಿನ ಓಣಿ, ಹಳೆ ವೈರು, ಅಗ್ನಿಶಾಮಕ ವಾಹನ ಒಳಗೆ ಬರಲು ಜಾಗ ಇಲ್ಲ. ವ್ಯಾಪಾರಿಗಳಿಗೆ, ಗಿರಾಕಿಗಳಿಗೆ, ಅದರಲ್ಲೂ ದಿನವಿಡೀ ಕೂತು ಹೂ ಮಾರುವ ಹೆಂಗಸರಿಗೆ ಸರಿಯಾದ ಶೌಚಾಲಯ ಬೇಕು. ವಾಹನ ನಿಲ್ಲಿಸಲು ಜಾಗ ಬೇಕು. ಹೊಸದಾಗಿ ಕಟ್ಟಿದರೆ ಇದೆಲ್ಲ ಒಟ್ಟಿಗೇ ಬರುತ್ತದೆ ಅನ್ನುತ್ತಾರೆ.

ಮೂರನೆಯ ಮಾತಿಗೆ ಇತಿಹಾಸದ ಬಲವೂ ಇದೆ. ಇವತ್ತಿನ ಮೈಸೂರು ಅರಮನೆಯೇ ಮರುನಿರ್ಮಾಣ. 1897ರಲ್ಲಿ ಹಳೆ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ಕ್ಕೆ ಹೊಸದು ಎದ್ದಿತು. ಈಗ ಅದನ್ನೇ ಪರಂಪರೆ ಅನ್ನುತ್ತೇವೆ. ಮಾರುಕಟ್ಟೆಯನ್ನೂ ಹಾಗೆ ಕಟ್ಟಿದರೆ ತಪ್ಪೇನು ಅಂತ ಕೇಳುತ್ತಾರೆ.

ಕೇಳಲು ಸರಿ ಅನ್ನಿಸುತ್ತದೆ. ಆದರೆ ಅರಮನೆ ಸುಟ್ಟುಹೋಗಿತ್ತು, ಕೆಡವಿದ್ದಲ್ಲ. ಹೊಸದಕ್ಕೆ ಅವತ್ತಿನ ಕಾಲಕ್ಕೆ 41 ಲಕ್ಷ ರೂಪಾಯಿಗೂ ಜಾಸ್ತಿ ಖರ್ಚಾಯಿತು. ಪಾಲಿಕೆಯ ಮಾರುಕಟ್ಟೆ ಕಟ್ಟಡವನ್ನು ಟೆಂಡರ್ ಕರೆದು ಕಟ್ಟುವಾಗ ಆ ಮಟ್ಟದ ಕೈಕೆಲಸ ನಿರೀಕ್ಷಿಸಬಹುದಾ ಅನ್ನುವುದು ಬೇರೆಯೇ ಪ್ರಶ್ನೆ.

ಉಳಿಸಬೇಕು ಅನ್ನುವವರು ಹೇಳುವುದೇನು

ಒಂದು ಭಾಗ ಬಿದ್ದರೆ ಇಡೀ ಕಟ್ಟಡ ಹಾಳಾಗಿದೆ ಅಂತಲ್ಲ ಅನ್ನುವುದು ಇವರ ಮೊದಲ ಮಾತು. ಮೇಲೆ ಹೇಳಿದ ಹಾಗೆ ಇವು ಅಂಕಣ ಅಂಕಣವಾಗಿ, ಅಂದರೆ ಗೋಡೆಗಳ ನಡುವಿನ ಒಂದೊಂದು ಭಾಗವಾಗಿ, ಗೋಡೆಯ ಮೇಲೆ ನಿಂತ ಕಟ್ಟಡಗಳು. ಒಂದು ಅಂಕಣ ಹೋದರೂ ಮುಂದಿನದು ನಿಲ್ಲಬಹುದು. 2016ರಲ್ಲಿ ದ್ವಾರದ ಭಾಗ ಬಿದ್ದ ಮೇಲೂ ಮಾರುಕಟ್ಟೆಯ ಉಳಿದ ಭಾಗದಲ್ಲಿ ವರ್ಷಗಟ್ಟಲೆ ವ್ಯಾಪಾರ ನಡೆದಿದೆ.

ದುರಸ್ತಿಯ ದಾರಿಗಳೂ ಹೊಸದೇನಲ್ಲ. ಕೊಳೆತ ತೊಲೆ ತೆಗೆದು ಬೇರೆ ಕೂರಿಸುವುದು, ಬಿರುಕಿನೊಳಗೆ ತೆಳು ಸುಣ್ಣದ ಗಾರೆಯನ್ನು ಒತ್ತಡದಿಂದ ತುಂಬುವುದು, ಎದುರುಬದುರು ಗೋಡೆಗಳನ್ನು ಉಕ್ಕಿನ ಸರಳಿನಿಂದ ಬಿಗಿಯುವುದು, ಸಿಮೆಂಟ್ ಕೆತ್ತಿ ಮತ್ತೆ ಸುಣ್ಣ ಹಾಕುವುದು. ಆದರೆ ಇದಕ್ಕೆ ತಾಳ್ಮೆ ಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದು ತಿಂಗಳುಗಟ್ಟಲೆ ನಡೆಯುವ ಕ್ರಿಯೆ. ಸಿಮೆಂಟ್ ಹಾಗೆ ತಿಂಗಳೊಳಗೆ ಬಿಲ್ ಮಾಡಿ ಮುಗಿಸುವ ಕೆಲಸ ಅಲ್ಲ. ಗೊತ್ತಿರುವ ಕೆಲಸಗಾರರು ಬೇಕು, ಜೊತೆಗೇ ಇದ್ದು ನೋಡುವ ಎಂಜಿನಿಯರ್ ಬೇಕು.

ಇವರ ವಾದದಲ್ಲೂ ಒಂದು ಸಡಿಲ ಜಾಗ ಇದೆ. ದುರಸ್ತಿ ಸಾಧ್ಯ ಅನ್ನುವುದು ಬೇರೆ, ಆದ ಮೇಲೆ ಮೂವತ್ತು ವರ್ಷ ಅದನ್ನು ನೋಡಿಕೊಳ್ಳುವುದು ಬೇರೆ. ಬಾಡಿಗೆ ಎಷ್ಟಾಗಬೇಕು, ಅದರಲ್ಲಿ ಎಷ್ಟು ಪಾಲು ಕಟ್ಟಡಕ್ಕೆ ಹೋಗಬೇಕು ಅಂತ ಹೇಳದೆ ಬರೀ ಉಳಿಸಿ ಅಂದರೆ ಮತ್ತೊಂದು ಕುಸಿತಕ್ಕೆ ದಿನ ಎಣಿಸಿದ ಹಾಗೆ.

ಪಾರಂಪರಿಕ ಪಟ್ಟಿಯಲ್ಲಿದ್ದರೆ ಸಾಕಾ

ಸಾಕಾಗುವುದಿಲ್ಲ. ಗೊಂದಲದ ದೊಡ್ಡ ಪಾಲು ಇಲ್ಲೇ ಹುಟ್ಟುವುದು.

ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಒಂದು ಕಟ್ಟಡವನ್ನು ರಾಷ್ಟ್ರೀಯ ಮಹತ್ವದ ಸ್ಮಾರಕ ಅಂತ ಘೋಷಿಸಿದರೆ ಅದಕ್ಕೆ ಬಲವಾದ ರಕ್ಷಣೆ ಸಿಗುತ್ತದೆ. ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡವೂ ಏಳುವ ಹಾಗಿಲ್ಲ. ಕರ್ನಾಟಕದ್ದೇ 1961ರ ಕಾಯ್ದೆಯೂ ಇದೆ, ಅದರಡಿ ರಾಜ್ಯ ಸಂರಕ್ಷಿತ ಸ್ಮಾರಕಗಳು ಬರುತ್ತವೆ. ಮೈಸೂರಿನ ಪಾರಂಪರಿಕ ಕಟ್ಟಡಗಳ ಪಟ್ಟಿ ಈ ಥರದ್ದಲ್ಲ. ಅದು ನಗರ ಯೋಜನೆಯ ಲೆಕ್ಕದಲ್ಲಿ ಮಾಡಿದ ಪಟ್ಟಿ. ಕೆಡವುವ ಮೊದಲು, ಬದಲಾಯಿಸುವ ಮೊದಲು ಪಾರಂಪರಿಕ ಸಮಿತಿಯನ್ನು ಕೇಳಬೇಕು, ಕಾರಣ ಹೇಳಬೇಕು. ಅಂದರೆ ಬಾಗಿಲಿಗೆ ಚಿಲಕ ಇದೆ, ಬೀಗ ಇಲ್ಲ. ಕಟ್ಟಡ ಅಪಾಯದಲ್ಲಿದೆ ಅಂತ ಒಂದು ವರದಿ ಬಂದರೆ ಆ ಚಿಲಕ ತೆಗೆಯುವುದು ಕಷ್ಟವಲ್ಲ.

ಇದರಿಂದ ಒಂದು ಕೆಟ್ಟ ಪರಿಣಾಮವೂ ಇದೆ. ಉಸ್ತುವಾರಿ ನೋಡದೆ ಬಿಟ್ಟಷ್ಟೂ ಕಟ್ಟಡ ಹದಗೆಡುತ್ತದೆ, ಹದಗೆಟ್ಟಷ್ಟೂ ಕೆಡವುವ ವಾದಕ್ಕೆ ಬಲ ಬರುತ್ತದೆ. ಯಾರೂ ಬೇಕೆಂದೇ ಹಾಗೆ ಮಾಡುತ್ತಾರೆ ಅಂತ ಹೇಳುತ್ತಿಲ್ಲ. ಸುಮ್ನೆ ಬಿಟ್ಟರೂ ಫಲ ಅದೇ.

"ಅದೇ ಮಾದರಿಯಲ್ಲಿ" ಅಂದರೆ ಏನು

ಈ ಮಾತು ಎಲ್ಲರಿಗೂ ಹಿಡಿಸುತ್ತದೆ. ಮುಂಭಾಗ ಹಾಗೇ ಇರುತ್ತದೆ, ಕಟ್ಟಡ ಗಟ್ಟಿ ಇರುತ್ತದೆ. ಆದರೆ ಮುಂಭಾಗದ ನಕಲು ಮಾಡುವುದು ಸುಲಭ, ಒಳಗಿನದ್ದು ಕಷ್ಟ.

ಹಳೆ ಮಾರುಕಟ್ಟೆ ನೆಲಮಟ್ಟದಲ್ಲಿ ಹರಡಿಕೊಂಡಿದೆ. ರಸ್ತೆಯಿಂದ ನೇರ ಒಳಗೆ ನಡೆದು ಹೋಗಬಹುದು. ಕಟ್ಟೆಯ ಮೇಲೆ ಕೂತ ಹೂವಿನವರಿಗೂ ಗಿರಾಕಿಗೂ ನಡುವೆ ಗಾಜಿಲ್ಲ, ಮೆಟ್ಟಿಲಿಲ್ಲ. ಹೊಸ ಕಟ್ಟಡದ ಖರ್ಚು ಹುಟ್ಟಬೇಕಾದರೆ ಮಹಡಿ ಎಬ್ಬಿಸುವ, ನೆಲದಡಿ ವಾಹನ ನಿಲ್ದಾಣ ತೋಡುವ ಆಸೆ ಬಂದೇ ಬರುತ್ತದೆ. ತರಕಾರಿ, ಸೊಪ್ಪು, ಹೂವು ಕೊಳ್ಳಲು ಜನ ಎರಡನೇ ಮಹಡಿ ಹತ್ತುವುದಿಲ್ಲ. ಮೇಲಿನ ಮಳಿಗೆ ಸಿಕ್ಕವರು ಒಂದೆರಡು ವರ್ಷ ನೋಡಿ ಬಿಟ್ಟುಹೋಗುತ್ತಾರೆ, ಆ ಜಾಗಕ್ಕೆ ಮೊಬೈಲ್ ಅಂಗಡಿಯೋ ಬಟ್ಟೆ ಅಂಗಡಿಯೋ ಬರುತ್ತದೆ. ಆಗ ಕಮಾನು ಅದೇ ಇದ್ದರೂ ಮಾರುಕಟ್ಟೆ ಅದಲ್ಲ.

ನೆಲದ ಕೆಳಗೂ ಒಂದು ವಿಷಯ ಇದೆ. ಈಗಿನ ಸಯ್ಯಾಜಿರಾವ್ ರಸ್ತೆ ಇರುವ ಕಡೆ ಹಿಂದೆ ದಿವಾನ್ ಪೂರ್ಣಯ್ಯನವರು ಊರಿಗೆ ನೀರು ತರಲು ತೋಡಿಸಿದ್ದ ನಾಲೆ ಇತ್ತು. ಅದನ್ನು ಮುಚ್ಚಿ ರಸ್ತೆ ಮಾಡಿದ್ದು. ಅಂಥ ಜಾಗದ ಪಕ್ಕದಲ್ಲಿ ಆಳವಾಗಿ ತೋಡುವ ಮೊದಲು ಮಣ್ಣನ್ನು, ನೀರಿನ ಹರಿವನ್ನು ಸರಿಯಾಗಿ ಪರೀಕ್ಷೆ ಮಾಡಬೇಕು. ಸುತ್ತಮುತ್ತ ಇರುವುದೂ ಹಳೆ ಕಟ್ಟಡಗಳೇ.

ಬೇರೆ ಊರುಗಳಲ್ಲಿ ಏನಾಯಿತು

ಮದ್ರಾಸಿನ ಮೂರ್ ಮಾರ್ಕೆಟ್ ಹಳೆ ಪುಸ್ತಕಗಳಿಗೆ ಹೆಸರಾಗಿತ್ತು, ನಮ್ಮ ಲ್ಯಾನ್ಸ್‌ಡೌನ್ ಹಾಗೆ. 1985ರಲ್ಲಿ ಅದು ಬೆಂಕಿಗೆ ಹೋಯಿತು. ಆ ಜಾಗ ರೈಲ್ವೆ ನಿಲ್ದಾಣಕ್ಕೆ ಸೇರಿತು. ವ್ಯಾಪಾರಿಗಳಿಗೆ ಹತ್ತಿರದಲ್ಲೇ ಬೇರೆ ಸಂಕೀರ್ಣ ಸಿಕ್ಕಿತು. ಹಳೆ ಹೆಸರಿನ ಕಳೆ ಮಾತ್ರ ಅಲ್ಲಿಗೆ ಬರಲಿಲ್ಲ. ಸ್ಪೆನ್ಸರ್ಸ್ ಹಳೆ ಕಟ್ಟಡವೂ ಅದಕ್ಕೆ ಮುಂಚೆಯೇ ಸುಟ್ಟುಹೋಗಿತ್ತು. ಅಲ್ಲಿ ದೊಡ್ಡ ಮಾಲ್ ಎದ್ದಿತು.

ಮುಂಬೈನ ಕ್ರಾಫರ್ಡ್ ಮಾರ್ಕೆಟ್ 1869ರದ್ದು, ನಮ್ಮ ಎರಡಕ್ಕಿಂತಲೂ ಹಳೆಯದು. ಅದರ ಪಾರಂಪರಿಕ ಭಾಗವನ್ನು ಅಲ್ಲಿನ ಪಾಲಿಕೆ ದುರಸ್ತಿ ಮಾಡಿ ಉಳಿಸಿಕೊಂಡಿತು. ಅದು ಈಗಲೂ ಮಾರುಕಟ್ಟೆಯಾಗಿಯೇ ಇದೆ. ಮುಂಬೈಗೂ ಮೈಸೂರಿಗೂ ದುಡ್ಡಿನ ಬಲದಲ್ಲಿ ಹೋಲಿಕೆ ಇಲ್ಲ, ನಿಜ. ಆದರೆ ಪಾಲಿಕೆಯ ಮಾಲೀಕತ್ವದ ಮಾರುಕಟ್ಟೆಯನ್ನು ಉಳಿಸಲು ಆಗುವುದೇ ಇಲ್ಲ ಅನ್ನುವ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ಮುಚ್ಚಿದ ಮೇಲೆ ಯಾರು ವಾಪಸ್ ಬರುತ್ತಾರೆ

ಈಗ ಲ್ಯಾನ್ಸ್‌ಡೌನ್‌ಗೆ ವಾಪಸ್ ಬರೋಣ. 2012ರಲ್ಲಿ ಅಂಗಡಿ ಖಾಲಿ ಮಾಡಿದವರಿಗೆ ಯಾವತ್ತು ವಾಪಸ್ ಅಂತ ಗೊತ್ತಿರಲಿಲ್ಲ. ಒಂದು ವರ್ಷ, ಎರಡು ವರ್ಷ ಕಾಯಬಹುದು. ಆಮೇಲೆ ಗಿರಾಕಿಗಳು ಬೇರೆ ದಾರಿ ಹಿಡಿಯುತ್ತಾರೆ, ಮಕ್ಕಳು ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಕಟ್ಟಡಕ್ಕೂ ಅಷ್ಟೇ. ಜನ ಓಡಾಡುತ್ತಿದ್ದಾಗ ಎಲ್ಲಿ ಸೋರುತ್ತದೆ ಅಂತ ಮಾರನೇ ದಿನವೇ ಯಾರಾದರೂ ಕೂಗುತ್ತಾರೆ. ಬೀಗ ಬಿದ್ದ ಕಟ್ಟಡದಲ್ಲಿ ಮಳೆ ನೀರು ವರ್ಷಗಟ್ಟಲೆ ಇಳಿದರೂ ಕೇಳುವವರಿಲ್ಲ. ಅಲ್ಲಿ ಹಾಳಾದದ್ದು ಎರಡೂ, ಗೋಡೆಯೂ ವ್ಯಾಪಾರವೂ, ಒಂದರ ಜೊತೆಗೆ ಇನ್ನೊಂದು.

ದೇವರಾಜ ಮಾರುಕಟ್ಟೆಯನ್ನು ಕೆಡವಿದರೂ, ದುರಸ್ತಿ ಮಾಡಿದರೂ ಸ್ವಲ್ಪ ಕಾಲ ವ್ಯಾಪಾರಿಗಳು ಹೊರಗೆ ಹೋಗಬೇಕು. ಎಲ್ಲಿಗೆ, ಎಷ್ಟು ದಿನಕ್ಕೆ, ಯಾವ ಮಳಿಗೆಗೆ ವಾಪಸ್? ಕಡತದಲ್ಲಿರುವುದು ಬಾಡಿಗೆದಾರರ ಹೆಸರು. ಒಳಬಾಡಿಗೆಗೆ ಇರುವವರ ಹೆಸರು ಅಲ್ಲಿರುವುದಿಲ್ಲ. ಓಣಿಯಲ್ಲಿ, ಬಾಗಿಲ ಬಳಿ ಬುಟ್ಟಿ ಇಟ್ಟು ಕೂರುವವರು, ದಿನಗೂಲಿಗೆ ಹೂ ಕಟ್ಟುವ ಹೆಂಗಸರು, ಮೂಟೆ ಹೊರುವ ಹಮಾಲಿಗಳು, ಇವರು ಯಾವ ಪಟ್ಟಿಯಲ್ಲೂ ಇರಲಿಕ್ಕಿಲ್ಲ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಸಮೀಕ್ಷೆ ಮಾಡಿ ಗುರುತಿನ ಪತ್ರ ಕೊಡಬೇಕು ಅನ್ನುತ್ತದೆ. ಆದರೆ ಮಾರುಕಟ್ಟೆಯೊಳಗಿನ ಕಟ್ಟೆ ಬೀದಿಯೂ ಅಲ್ಲ, ಮಳಿಗೆಯೂ ಅಲ್ಲ. ಅಲ್ಲಿ ಕೂತವರು ಎರಡರ ನಡುವೆ ಬಿದ್ದುಹೋಗುತ್ತಾರೆ.

ಹಾಗಾಗಿ ಕೆಡವುವ ಪರವೋ ಉಳಿಸುವ ಪರವೋ ಅಂತ ಕೇಳಿದರೆ, ಹಂತ ಹಂತವಾಗಿ ದುರಸ್ತಿ ಮಾಡುವುದೇ ಸರಿ ಅನ್ನುತ್ತೇನೆ. ಒಂದು ಅಂಕಣ ಖಾಲಿ ಮಾಡಿ, ಸರಿಪಡಿಸಿ, ಅಲ್ಲಿದ್ದವರನ್ನು ಕೂರಿಸಿ ಆಮೇಲೆ ಮುಂದಿನದಕ್ಕೆ ಕೈ ಹಾಕಬಹುದು. ಇಡೀ ಮಾರುಕಟ್ಟೆಗೆ ಒಟ್ಟಿಗೆ ಬೀಗ ಬೀಳುವುದಿಲ್ಲ. ನಿಜಕ್ಕೂ ನಿಲ್ಲಲಾರದ ಭಾಗ ಇದ್ದರೆ ಅಷ್ಟನ್ನು ಬಿಚ್ಚಿ ಕಟ್ಟಲಿ. ಪೂರ್ತಿ ಕೆಡವುವ ತೀರ್ಮಾನವೇ ಆದರೂ ಒಂದು ಇಟ್ಟಿಗೆ ತೆಗೆಯುವ ಮೊದಲು ಪಟ್ಟಿ ಆಗಲಿ. ಯಾವ ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಎಷ್ಟು ಅಡಿ ಜಾಗ, ಎಷ್ಟು ವರ್ಷದಿಂದ, ಏನು ಮಾರುತ್ತಾರೆ. ಫೋಟೋ ಸಮೇತ, ಸಹಿ ಸಮೇತ. ಅದರ ಒಂದು ಪ್ರತಿ ಆ ಹೂವಿನವರ ಕೈಯಲ್ಲೂ ಇರಲಿ, ವಾಪಸ್ ಬರುವ ತಾರೀಖಿನ ಜೊತೆ.